ಖಾಲಿ ಹೊತ್ತಿನ ಲೆಕ್ಕ

(ಕಲಬುರಗಿಯ ರೋಜಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಆಹ್ವಾನ ಪತ್ರಿಕೆಯಲ್ಲಿ ಇಂದಿನ ವಿಷಯ 'ಆಶ್ರಯಸಂಸ್ಥೆಗಳಲ್ಲಿ ಇರುವವರ ಆರೈಕೆ, ಶಿಕ್ಷಣ ಮತ್ತು ಚಿಕಿತ್ಸೆ: ಸಂಶೋಧನೆಯ ನೋಟ' ಎಂದು ಅಚ್ಚಾಗಿದೆ. ಇಷ್ಟು ದೊಡ್ಡ ಹಂದರದ ಕೆಳಗೆ ಎಲ್ಲವನ್ನೂ ಕೂರಿಸಲು ಹೋದರೆ ಯಾವುದಕ್ಕೂ ನ್ಯಾಯ ಸಲ್ಲುವುದಿಲ್ಲ. ಹಾಗಾಗಿ ಒಂದೇ ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ. ಬಾಲಮಂದಿರ, ಮಾನಸಿಕ ಆಸ್ಪತ್ರೆ, ಅಂಧರ ಶಾಲೆಯ ವಸತಿನಿಲಯ, ಮಹಿಳಾ ನಿಲಯ, ನಿರಾಶ್ರಿತರ ಕೇಂದ್ರ, ವೃದ್ಧಾಶ್ರಮ ಇವುಗಳಲ್ಲಿ ಯಾವುದೇ ಒಂದು ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ತಪಾಸಣೆಗೆ ಬರುವವರು ಮಂಚ ಎಣಿಸುತ್ತಾರೆ, ಶೌಚಾಲಯ ಎಣಿಸುತ್ತಾರೆ, ಹಾಜರಿ ಪುಸ್ತಕ ತಿರುವುತ್ತಾರೆ, ಸಾರಿನ ರುಚಿಯನ್ನೂ ನೋಡುತ್ತಾರೆ. ಬೇಕಾದದ್ದೇ. ಆದರೆ ಮಧ್ಯಾಹ್ನದ ಊಟ ಮುಗಿದ ಮೇಲೆ ದೀಪ ಹಚ್ಚುವ ತನಕ ಅಲ್ಲಿರುವವರು ಏನು ಮಾಡುತ್ತಾರೆ, ಯಾರ ಜೊತೆ ಮಾಡುತ್ತಾರೆ ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಕಳೆದ ಎಪ್ಪತ್ತು ಎಂಬತ್ತು ವರ್ಷಗಳ ಒಳ್ಳೆಯ ಸಂಶೋಧನೆಯೆಲ್ಲ ಬೆರಳಿಟ್ಟು ತೋರಿಸುವುದು ಆ ಹೊತ್ತನ್ನೇ ಎಂಬುದು ನನ್ನ ಇಂದಿನ ಮಾತು.

ಮೊದಲು ನಮ್ಮ ಸೀಮೆಯ ಕಥೆ. ಗುಲ್ಬರ್ಗ ನಿಜಾಮರ ರಾಜ್ಯದಲ್ಲಿದ್ದಾಗ ಮನೋರೋಗಿಗಳ ಸರ್ಕಾರಿ ಆಸ್ಪತ್ರೆ ಮರಾಠವಾಡದ ಜಾಲ್ನಾದಲ್ಲಿತ್ತು. 1953ರಲ್ಲಿ ಅದು ಹೈದರಾಬಾದಿನ ಎರ್ರಗಡ್ಡಕ್ಕೆ ಬಂತು. ಸ್ವಲ್ಪ ಹತ್ತಿರವಾಯಿತು ಅನ್ನುವಷ್ಟರಲ್ಲಿ, 1956ರ ನವೆಂಬರಿನಲ್ಲಿ, ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಲ್ಲಿಂದಾಚೆಗೆ ಸರ್ಕಾರಿ ಕಾಗದದ ದಾರಿ ಧಾರವಾಡಕ್ಕೆ, ಬೆಂಗಳೂರಿಗೆ ತಿರುಗಿತು. ಧಾರವಾಡದ ಆಸ್ಪತ್ರೆ 1845ರಷ್ಟು ಹಳೆಯದು, ಬೆಂಗಳೂರಿನದು ಅದಕ್ಕಿಂತ ಎರಡು ವರ್ಷ ಕಿರಿದು; 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಕಾಗದ ಎತ್ತ ತಿರುಗಿದರೂ ಮಂದಿ ಮಾತ್ರ ತಮಗೆ ಹತ್ತಿರವಾದ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವುದನ್ನು ಬಿಡಲಿಲ್ಲ. ರಾಜ್ಯದ ಗಡಿ ಬದಲಾದಾಗ ರೋಗಿಯ ದಾರಿಯೂ ಬದಲಾಗುತ್ತದೆ ಎಂಬುದನ್ನು ನಮ್ಮ ಏಕೀಕರಣದ ಇತಿಹಾಸ ಬರೆದವರು ಗಮನಿಸಿದ್ದು ಕಡಿಮೆ.

ದೂರದ ವಿಷಯ ಯಾಕೆ ಎತ್ತಿದೆ ಎಂದರೆ, ಈ ಕ್ಷೇತ್ರದ ಅತಿ ಹಳೆಯ ಸಂಶೋಧನೆಗಳಲ್ಲೊಂದು ಅದರ ಮೇಲೆಯೇ ಇದೆ. ಎಡ್ವರ್ಡ್ ಜಾರ್ವಿಸ್ ಎಂಬ ಅಮೆರಿಕದ ವೈದ್ಯ 19ನೆಯ ಶತಮಾನದ ನಡುವಿನಲ್ಲೇ ಆಸ್ಪತ್ರೆಯ ದಾಖಲೆಗಳನ್ನು ಊರಿನ ದೂರದೊಂದಿಗೆ ಹೋಲಿಸಿ ನೋಡಿದ. ಆಸ್ಪತ್ರೆ ಹತ್ತಿರವಿದ್ದ ಊರುಗಳಿಂದ ಹೆಚ್ಚು ರೋಗಿಗಳು ಬರುತ್ತಿದ್ದರು, ದೂರ ಹೆಚ್ಚಿದಷ್ಟೂ ಸಂಖ್ಯೆ ಇಳಿಯುತ್ತಿತ್ತು. ದೂರದ ಊರಿನಲ್ಲಿ ಕಾಯಿಲೆ ಕಡಿಮೆ ಎಂದಲ್ಲ, ಬರುವುದು ಕಷ್ಟ ಎಂದು. ಕಮಲಾಪುರದ ಕಡೆಯ ಒಂದು ತಾಂಡಾದಿಂದ ಬೆಂಗಳೂರು 600 ಕಿಲೋಮೀಟರಿನ ಆಸುಪಾಸು. ಮಗನನ್ನು ಅಲ್ಲಿಗೆ ಸೇರಿಸಲು ಒಮ್ಮೆ ಹೋಗಬಹುದು. ನೋಡಲು ಎರಡನೆಯ ಸಲ ಹೋಗುವಾಗ ಸಾಲ ಮಾಡಬೇಕು. ಮೂರನೆಯ ಸಲಕ್ಕೆ ತೊಗರಿ ರಾಶಿ ಇರುತ್ತದೆ, ಇಲ್ಲವೆ ಮನೆಯವರೇ ಗುಳೆ ಹೋಗಿರುತ್ತಾರೆ. ಆಸ್ಪತ್ರೆಯ ಪುಸ್ತಕದಲ್ಲಿ 'ಸಂಬಂಧಿಕರು ಬಂದಿಲ್ಲ' ಎಂದು ದಾಖಲಾಗುತ್ತದೆ. ಬಸ್ ಚಾರ್ಜಿಗೆ ಆ ಪುಸ್ತಕದಲ್ಲಿ ಕಾಲಮ್ಮಿಲ್ಲ.

ಹೀಗೆ ಉಳಿದುಹೋದವರು ಎಷ್ಟು ಮಂದಿ? 2019ರಲ್ಲಿ ಪ್ರಕಟವಾದ ಒಂದು ರಾಷ್ಟ್ರಮಟ್ಟದ ಅಧ್ಯಯನ ದೇಶದ 43 ಸರ್ಕಾರಿ ಮಾನಸಿಕ ಸಂಸ್ಥೆಗಳನ್ನು ನೋಡಿತು. ಅಲ್ಲಿದ್ದವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಒಂದು ವರ್ಷ ಅಥವಾ ಅದಕ್ಕೂ ಮೀರಿ ಅಲ್ಲೇ ಇದ್ದರು. ಗುಣವಾದರೂ ಹೋಗಲು ಜಾಗವಿಲ್ಲದವರು ಅವರಲ್ಲಿ ಬಹಳ. ಯಾರೂ ಕರೆದೊಯ್ಯುವವರಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಸಂಸ್ಥೆಯಲ್ಲಿ ಇಟ್ಟುಕೊಳ್ಳಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೆಯ ಕಲಮು ಹೇಳುತ್ತದೆ. ಕಲಮು ಚೆನ್ನಾಗಿದೆ. ಅದು ಹೇಳುವ ಹೊರಗಿನ ಮನೆ ಎಲ್ಲಿದೆ ಎಂಬುದನ್ನು ಇನ್ನೂ ಹುಡುಕಬೇಕು.

ಇರಲಿ, ಒಳಗೆ ಉಳಿದವರ ಕಡೆಗೆ ಬರೋಣ. 1959ರಲ್ಲಿ ರಸೆಲ್ ಬಾರ್ಟನ್ ಎಂಬ ಇಂಗ್ಲಿಷ್ ವೈದ್ಯ ಒಂದು ಚಿಕ್ಕ ಪುಸ್ತಕ ಬರೆದು ಸಹೋದ್ಯೋಗಿಗಳ ಕೋಪಕ್ಕೆ ಗುರಿಯಾದ. ಆಸ್ಪತ್ರೆಯಲ್ಲಿ ಹಳಬರಾದ ರೋಗಿಗಳ ಬಗ್ಗಿದ ಬೆನ್ನು, ಇಳಿಬಿದ್ದ ಕೈ, ಯಾವುದರಲ್ಲೂ ಆಸಕ್ತಿಯಿಲ್ಲದ ಮುಖ ಇವೆಲ್ಲ ಮೂಲ ರೋಗದ ಲಕ್ಷಣಗಳಲ್ಲ, ಆಸ್ಪತ್ರೆಯೇ ಕೊಟ್ಟ ಎರಡನೆಯ ರೋಗ ಎಂಬುದು ಅವನ ವಾದ. ಎರಡು ವರ್ಷದ ನಂತರ ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್ಮನ್ ಇನ್ನೊಂದು ದಿಕ್ಕಿನಿಂದ ಅಲ್ಲಿಗೇ ಬಂದ. ವಾಷಿಂಗ್ಟನ್ನಿನ ದೊಡ್ಡ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸುಮಾರು ಒಂದು ವರ್ಷ ಓಡಾಡಿಕೊಂಡಿದ್ದು, ಜೈಲು, ಸೈನ್ಯದ ಬ್ಯಾರಕ್ಕು, ಆಸ್ಪತ್ರೆ ಇವುಗಳ ದಿನಚರಿ ಎಷ್ಟು ಒಂದೇ ಥರ ಎಂದು ತೋರಿಸಿದ. ಬಾರ್ಟನ್ನನದು ಅನುಭವ, ಗಾಫ್ಮನ್ನನದು ಕಣ್ಣು. ಅಳತೆ ಮಾತ್ರ ಇನ್ನೂ ಬಂದಿರಲಿಲ್ಲ.

ಅಳತೆ ಮಾಡಿದವರು ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್. ಇವರ ಕೆಲಸದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. 1960ರಿಂದ 1968ರವರೆಗೆ ಇಂಗ್ಲೆಂಡಿನ ಮೂರು ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಇದ್ದ ಸ್ಕಿಜೋಫ್ರೇನಿಯಾ ಇರುವ ಹೆಂಗಸರನ್ನು ಅವರು ಮತ್ತೆ ಮತ್ತೆ ಹೋಗಿ ನೋಡಿದರು. ರೋಗಲಕ್ಷಣ, ಔಷಧಿ ಎಲ್ಲರೂ ಕೇಳುವಂಥವು. ಇವರು ಇನ್ನೂ ಕೆಲವನ್ನು ಕೇಳಿದರು. ಈಕೆಯ ಬಳಿ ತನ್ನದು ಎನ್ನುವ ವಸ್ತು ಏನೇನಿವೆ? ಬಾಚಣಿಗೆ ಇದೆಯೇ, ಕನ್ನಡಿ ಇದೆಯೇ, ಬಟ್ಟೆ ಅವಳದೇ ಅಥವಾ ರಾಶಿಯಿಂದ ಎತ್ತಿಕೊಟ್ಟದ್ದೇ? ಹೊರಗಿನ ಯಾರ ಜೊತೆ ಸಂಪರ್ಕವಿದೆ? ಎಚ್ಚರವಿರುವ ಹೊತ್ತಿನಲ್ಲಿ ಏನೂ ಮಾಡದೆ ಸುಮ್ಮನೆ ಕಳೆಯುವುದು ಎಷ್ಟು? ಲಕ್ಷಣ ಸುಧಾರಿಸಿದವರಲ್ಲಿ ಬೇರೇನು ಬದಲಾಗಿತ್ತು ಎಂದು ಹುಡುಕಿದಾಗ ಎದ್ದು ಕಂಡದ್ದು ಒಂದು: ಸುಮ್ಮನೆ ಕಳೆಯುವ ಹೊತ್ತು ಕಡಿಮೆಯಾಗಿತ್ತು. ಔಷಧಿಯ ಬದಲಾವಣೆ ಆ ಸುಧಾರಣೆಯನ್ನು ವಿವರಿಸಲಿಲ್ಲ. ಔಷಧಿ ಬೇಡ ಎಂದು ಇದರಿಂದ ಯಾರೂ ಅರ್ಥ ಮಾಡಿಕೊಳ್ಳಬೇಡಿ. ಗುಳಿಗೆ ಬಿಟ್ಟು ಮನೆಯೇ ಒಡೆದುಹೋದ ಸಂಸಾರಗಳು ನಮ್ಮ ಸುತ್ತಲೇ ಇವೆ. ಆದರೆ ಗುಳಿಗೆ ನುಂಗಿಸಿ ಗೋಡೆಗೆ ಒರಗಿಸಿ ಕೂರಿಸಿದರೆ ಅರ್ಧ ಚಿಕಿತ್ಸೆಯೂ ಆಗಿಲ್ಲ ಎಂಬುದು ಈ ಇಬ್ಬರ ಲೆಕ್ಕದಿಂದ ಖಚಿತವಾಯಿತು.

ಮಕ್ಕಳ ವಿಷಯದಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ವಿಚಿತ್ರವಾದ ಅಧ್ಯಯನವೊಂದಿದೆ. 1930ರ ದಶಕ, ಅಮೆರಿಕದ ಅಯೋವಾ. ಕಿಕ್ಕಿರಿದ ಅನಾಥಾಲಯವೊಂದರಲ್ಲಿ ಎರಡು ಹೆಣ್ಣು ಕೂಸುಗಳು ಅಳುತ್ತ ಓಲಾಡುತ್ತ ಬೆಳವಣಿಗೆಯೇ ಇಲ್ಲದೆ ಬಿದ್ದಿದ್ದವು. ಇವು ಬುದ್ಧಿ ಬೆಳೆಯದ ಮಕ್ಕಳು ಎಂದು ತೀರ್ಮಾನಿಸಿ ಬುದ್ಧಿಮಾಂದ್ಯ ಹೆಂಗಸರ ಸಂಸ್ಥೆಗೆ ಕಳಿಸಿದರು. ಕೆಲವು ತಿಂಗಳ ಮೇಲೆ ಹೆರಾಲ್ಡ್ ಸ್ಕೀಲ್ಸ್ ಎಂಬ ಮನೋವಿಜ್ಞಾನಿ ಅಲ್ಲಿಗೆ ಹೋದಾಗ ಗುರುತು ಸಿಗದಷ್ಟು ಬದಲಾದ ಮಕ್ಕಳು ಓಡಾಡುತ್ತಿದ್ದವು. ಆ ವಾರ್ಡಿನ ಹೆಂಗಸರು ಕೂಸುಗಳನ್ನು ನೆಲಕ್ಕೆ ಬಿಟ್ಟಿರಲಿಲ್ಲ. ಎತ್ತಿ ಆಡಿಸಿದ್ದರು, ಮಾತಾಡಿಸಿದ್ದರು. ಸ್ಕೀಲ್ಸ್ ಧೈರ್ಯ ಮಾಡಿ ಒಟ್ಟು 13 ಮಕ್ಕಳನ್ನು ಹಾಗೆ ಕಳಿಸಿ, ಅನಾಥಾಲಯದಲ್ಲೇ ಉಳಿದ 12 ಮಕ್ಕಳೊಂದಿಗೆ ಹೋಲಿಸಿದ. ಹೋದವರ ಬುದ್ಧಿಸೂಚ್ಯಂಕ ಸರಾಸರಿ 28 ಅಂಶಕ್ಕೂ ಹೆಚ್ಚು ಏರಿತು, ಉಳಿದವರದು 26 ಇಳಿಯಿತು. ಅದೇ ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ 1966ರಲ್ಲಿ ಮತ್ತೆ ಬರೆದ: 13 ಜನವೂ ಸ್ವಂತ ಕಾಲ ಮೇಲೆ ನಿಂತಿದ್ದರು; ಇತ್ತ 12ರಲ್ಲಿ ಒಬ್ಬರು ಸಂಸ್ಥೆಯಲ್ಲೇ ಹದಿವಯಸ್ಸಿನಲ್ಲಿ ತೀರಿಕೊಂಡಿದ್ದರು, ನಾಲ್ವರು ಇನ್ನೂ ಸಂಸ್ಥೆಗಳಲ್ಲೇ ಇದ್ದರು. ಸಂಖ್ಯೆ ಚಿಕ್ಕದು, ಮಕ್ಕಳನ್ನು ಆಯ್ದ ರೀತಿ ಸಡಿಲ ಎಂದು ಟೀಕೆ ಬಂತು, ಅದು ನ್ಯಾಯವಾದ ಟೀಕೆಯೇ. ಆ ಕೊರತೆಯನ್ನು ತುಂಬಿದ್ದು ಈ ಶತಮಾನದ ರುಮೇನಿಯಾದ ಅಧ್ಯಯನ. ಬುಕಾರೆಸ್ಟಿನ ಆರು ಸಂಸ್ಥೆಗಳ 136 ಕೂಸುಗಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಮನೆಗಳಿಗೆ ಕಳಿಸಿದರು. 2007ರಲ್ಲಿ ಫಲಿತಾಂಶ ಬಂತು: ಮನೆಗೆ ಹೋದ ಮಕ್ಕಳು ಚೇತರಿಸಿಕೊಂಡರು, ಎರಡು ವರ್ಷದೊಳಗೆ ಹೋದವರು ಇನ್ನೂ ಹೆಚ್ಚು.

ಸ್ಕೀಲ್ಸ್ ಅಧ್ಯಯನದಲ್ಲಿ ನನ್ನನ್ನು ಬಿಡದೆ ಕಾಡುವುದು ಆ ಹೆಂಗಸರು. ಪಾಠಪುಸ್ತಕಗಳೆಲ್ಲ ಮಕ್ಕಳಿಗೆ ಏನಾಯಿತು ಎಂದು ಬರೆಯುತ್ತವೆ. ಯಾರಿಗೂ ಬೇಡವೆಂದು ಒಳಗೆ ಹಾಕಿದ್ದ ಆ ಹೆಂಗಸರಿಗೆ, ಕೈಯಲ್ಲೊಂದು ಕೂಸು ಬಂದಾಗ ಏನಾಯಿತು, ಆಮೇಲೆ ಅದನ್ನು ದತ್ತು ಕೊಡಲು ಕಿತ್ತುಕೊಂಡಾಗ ಏನಾಯಿತು ಎಂದು ಯಾರೂ ಅಳೆಯಲಿಲ್ಲ. ಸಂಶೋಧನೆ ಕೂಡ ಸಂಸ್ಥೆಯಂತೆಯೇ ಯಾರನ್ನು ನೋಡಬೇಕು, ಯಾರನ್ನು ಬಿಡಬೇಕು ಎಂದು ಮೊದಲೇ ತೀರ್ಮಾನಿಸಿರುತ್ತದೆ.

ಇಷ್ಟು ಕೇಳಿ, ಸಂಸ್ಥೆ ಎಂದರೆ ಕೆಡುಕೇ, ಎಲ್ಲ ಬಾಗಿಲು ಹಾಕಿಬಿಡಿ ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಮ್ಮ ಊರಲ್ಲೇ ಸರ್ಕಾರದ ಅಂಧ ಮಕ್ಕಳ ಶಾಲೆಯಿದೆ, ಕಿವುಡ ಮಕ್ಕಳ ಶಾಲೆಯಿದೆ. ಮೈಸೂರಿನಲ್ಲಿ 1901ರಲ್ಲೇ ಇಂಥ ಶಾಲೆ ಶುರುವಾಯಿತು. ಹಳ್ಳಿಯಲ್ಲಿ ಒಂದೇ ಒಂದು ಕಿವುಡ ಮಗು ಇದ್ದರೆ ಅದಕ್ಕೆ ಭಾಷೆ ಎಲ್ಲಿಂದ ಬರಬೇಕು? ಮನೆಯವರ ಪ್ರೀತಿ ಇರುತ್ತದೆ, ಊಟ ನೀರಿಗೆ ಸನ್ನೆ ಇರುತ್ತದೆ, ಅಷ್ಟೇ. ಮಧ್ಯ ಅಮೆರಿಕದ ನಿಕರಾಗುವಾದಲ್ಲಿ 1970ರ ದಶಕದ ಕೊನೆಗೆ ಕಿವುಡ ಮಕ್ಕಳಿಗೆಂದು ಶಾಲೆ ತೆರೆದರು. ಮೇಷ್ಟ್ರುಗಳು ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಸಲು ಹೆಣಗಿ ಸೋತರು. ಅತ್ತ ಆಟದ ಬಯಲಿನಲ್ಲಿ, ಶಾಲೆಯ ಬಸ್ಸಿನಲ್ಲಿ ಮಕ್ಕಳು ತಮ್ಮ ತಮ್ಮ ಮನೆಯ ಸನ್ನೆಗಳನ್ನು ಒಂದಕ್ಕೊಂದು ಬೆರೆಸುತ್ತ, ವ್ಯಾಕರಣವುಳ್ಳ ಹೊಸ ಭಾಷೆಯನ್ನೇ ಕಟ್ಟಿಬಿಟ್ಟರು. ಭಾಷಾವಿಜ್ಞಾನಿಗಳು 1986ರಿಂದ ಅದನ್ನು ಅಭ್ಯಾಸ ಮಾಡುತ್ತಿದ್ದಾರೆ. ಪಾಠದ ಹೊತ್ತಿನಲ್ಲಿ ಆಗದ್ದು ಪಾಠವಿಲ್ಲದ ಹೊತ್ತಿನಲ್ಲಿ ಆಯಿತು. ತನ್ನನ್ನು ಅರ್ಥಮಾಡಿಕೊಳ್ಳುವ ಇನ್ನೊಬ್ಬರು ಪಕ್ಕದಲ್ಲಿದ್ದರೆ ಬಿಡುವು ಖಾಲಿಯಾಗಿ ಉಳಿಯುವುದಿಲ್ಲ. ಆದ್ದರಿಂದಲೇ 'ಏನು ಮಾಡುತ್ತಾರೆ' ಎಂಬುದರ ಜೊತೆ 'ಯಾರ ಜೊತೆ' ಎಂದೂ ಕೇಳಬೇಕು ಎಂದೆ. ಕಿವುಡ ಮಕ್ಕಳ ವಸತಿನಿಲಯದಲ್ಲಿ ರಾತ್ರಿಪಾಳಿಯ ಕಾವಲುಗಾರನಿಗೆ ಸನ್ನೆಭಾಷೆ ಬರುತ್ತದೆಯೇ ಎಂಬುದು ಕಟ್ಟಡಕ್ಕೆ ಬಣ್ಣ ಹೊಡೆದಿದೆಯೇ ಎಂಬುದಕ್ಕಿಂತ ದೊಡ್ಡ ಪ್ರಶ್ನೆ.

ಈಗ ನಮ್ಮ ದೇಶ. ಈ ಕ್ಷೇತ್ರಕ್ಕೆ ಭಾರತ ಕೊಟ್ಟ ದೊಡ್ಡ ಕಾಣಿಕೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಅಮೃತಸರದ ಡೇರೆಗಳನ್ನು ತೋರಿಸುತ್ತೇನೆ. 1950ರ ದಶಕದಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಅವರಿಗೆ ಜಾಗವಿರಲಿಲ್ಲ, ಸಿಬ್ಬಂದಿ ಇರಲಿಲ್ಲ. ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಯುರೋಪಿನ ಆಸ್ಪತ್ರೆಗಳು ಮನೆಯವರನ್ನು ಗೇಟಿನಾಚೆ ನಿಲ್ಲಿಸುತ್ತಿದ್ದ ಕಾಲ ಅದು. ಇಲ್ಲಿ ತಾಯಿ, ಅಣ್ಣ, ಹೆಂಡತಿ ಪಕ್ಕದಲ್ಲೇ ಇದ್ದು ಕಾಯಿಲೆ ಏನೆಂದು ಕಲಿತರು. ಒಬ್ಬರ ಸಂಸಾರ ಇನ್ನೊಬ್ಬರ ಸಂಸಾರಕ್ಕೆ ಸಮಾಧಾನ ಹೇಳಿತು. ರೋಗಿಗಳು ಬೇಗ ಮನೆಗೆ ಮರಳಿದರು. ವೆಲ್ಲೂರಿನ ಆಸ್ಪತ್ರೆ ಅದೇ ದಶಕದಲ್ಲಿ ಇದನ್ನು ತನ್ನ ಪದ್ಧತಿ ಮಾಡಿಕೊಂಡಿತು, ಮುಂದೆ ಬೆಂಗಳೂರಿನದೂ ಮಾಡಿಕೊಂಡಿತು. ನಮ್ಮ ಜಿಲ್ಲಾ ದವಾಖಾನೆಯ ಕಾರಿಡಾರಿನಲ್ಲಿ ಚಾಪೆ ಹಾಸಿ, ಬುತ್ತಿಯ ರೊಟ್ಟಿ ಬಿಚ್ಚಿ ಕೂತ ಮಂದಿಯನ್ನು ನೋಡಿ ಮೂಗು ಮುರಿಯುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಇದರ ಮುಂದಿನ ಹೆಜ್ಜೆ ನಮ್ಮ ನೆರೆಯ ಬಳ್ಳಾರಿಯಲ್ಲಿ ಆಯಿತು. ರೋಗಿಯನ್ನು ಬೆಂಗಳೂರಿಗೆ ತರುವ ಬದಲು ಚಿಕಿತ್ಸೆಯನ್ನೇ ಹಳ್ಳಿಗೆ ಒಯ್ಯಬಹುದೇ ಎಂದು ನಿಮ್ಹಾನ್ಸಿನವರು 1970ರ ದಶಕದಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದ ಕೇಂದ್ರದಲ್ಲಿ ಪರೀಕ್ಷಿಸಿದ್ದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1980ರ ದಶಕದ ನಡುವಿನಿಂದ ಬಳ್ಳಾರಿಯಲ್ಲಿ ಇಡೀ ಜಿಲ್ಲೆಯ ಮಟ್ಟದ ಪ್ರಯೋಗ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಚಿಕ್ಕ ತರಬೇತಿ, ಕೆಲವೇ ಆವಶ್ಯಕ ಔಷಧಿ, ಸರಳವಾದ ದಾಖಲೆ, ಮೇಲೆ ನೋಡಿಕೊಳ್ಳಲು ಒಂದು ಜಿಲ್ಲಾ ತಂಡ, ಇಷ್ಟೇ ಬಂಡವಾಳ. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ನಿಮ್ಹಾನ್ಸಿನ ಸಮುದಾಯ ವಿಭಾಗದಲ್ಲಿ ದುಡಿದ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ಇಲ್ಲಿ ಬಹಳ ಜನ ಓದಿದ್ದೀರಿ. ಆ ಬರಹದ ಹಿಂದೆ ಈ ಹಳ್ಳಿ ತಿರುಗಾಟವಿದೆ. ಕಲ್ಯಾಣ ಕರ್ನಾಟಕದ ಒಂದು ಜಿಲ್ಲೆ ದೇಶಕ್ಕೆ ಪಾಠವಾದದ್ದನ್ನು ನಾವು ಹಿಂದುಳಿದವರ ಗೋಳಿನ ನಡುವೆ ಮರೆತೇಬಿಟ್ಟಿದ್ದೇವೆ.

ರೋಜಾದಲ್ಲಿ ನಿಂತು ಮಾತಾಡುವವನು ದರ್ಗಾ, ಗುಡಿಗಳ ಮಾತು ಬಿಟ್ಟು ಹೋಗಲಾಗದು. ಖ್ವಾಜಾ ಬಂದೇನವಾಜರು ಈ ಊರಿಗೆ ಬಂದದ್ದು 1400ರ ಸುಮಾರಿಗೆ, ತೀರಿಕೊಂಡದ್ದು 1422ರಲ್ಲಿ. ಅಂದಿನಿಂದ ಅವರ ದರ್ಗಾದ ಹೊಸ್ತಿಲಿಗೆ ಕಷ್ಟ ಹೊತ್ತು ಬರುವವರಿಗೆ ಜಾತಿ ಕೇಳುವ ರೂಢಿ ಇಲ್ಲ. ಶರಣಬಸವೇಶ್ವರರ ದಾಸೋಹದ ನೆನಪಿರುವ ಊರಿದು. ಇನ್ನು ನಮ್ಮ ಜಿಲ್ಲೆಯ ಗಾಣಗಾಪುರ ಎಲ್ಲರಿಗೂ ಗೊತ್ತು. 'ಗಾಳಿ ಹಿಡಿದವರು' ಎಂದು ಕರೆತಂದವರು ದತ್ತನ ಆರತಿಯ ಹೊತ್ತಿಗೆ ಕಂಬ ಹಿಡಿದು ಕೂಗುವುದನ್ನು ನೋಡಿ ಹೆದರಿಕೊಂಡು ಬಂದವರೂ ಈ ಸಭೆಯಲ್ಲಿರಬಹುದು. ನಾನು ನಿಮ್ಮ ಗಮನವನ್ನು ಆ ಕೂಗಿನಿಂದ ಬಿಡಿಸಿ ಉಳಿದ ದಿನದ ಕಡೆಗೆ ತಿರುಗಿಸುತ್ತೇನೆ. ಸೇವೆಗೆಂದು ಅಲ್ಲಿ ವಾರಗಟ್ಟಲೆ ನಿಲ್ಲುವವರು ಬೆಳಗ್ಗೆ ಭೀಮಾ ಅಮರ್ಜಾ ಸಂಗಮಕ್ಕೆ ಸ್ನಾನಕ್ಕೆ ಹೋಗುತ್ತಾರೆ, ಗುರುಚರಿತ್ರೆಯ ಪಾರಾಯಣಕ್ಕೆ ಕೂರುತ್ತಾರೆ, ಐದು ಮನೆಗೆ ಹೋಗಿ ಮಧುಕರಿ ಬೇಡುತ್ತಾರೆ, ಆರತಿಗೆ ನಿಲ್ಲುತ್ತಾರೆ. ಜೊತೆಗೆ ಅವ್ವನೋ ಅಣ್ಣನೋ ಇರುತ್ತಾರೆ. ವಿಂಗ್ ಮತ್ತು ಬ್ರೌನ್ ಅಲ್ಲಿಗೆ ಬಂದಿದ್ದರೆ ಅವರ ಪುಸ್ತಕದ 'ಏನೂ ಮಾಡದ ಹೊತ್ತು' ಎಂಬ ಕಾಲಮ್ಮಿನಲ್ಲಿ ಬರೆಯಲು ಬಹಳ ಇರುತ್ತಿರಲಿಲ್ಲ.

ಇದು ಬರಿಯ ಊಹೆ ಎಂದು ಕೈಬಿಡಬೇಡಿ. ನಿಮ್ಹಾನ್ಸಿನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ಗುಡಿಯಲ್ಲಿ ಉಳಿದುಕೊಂಡ, ತೀವ್ರ ಮನೋರೋಗವಿದ್ದ 31 ಜನರನ್ನು ಅಭ್ಯಾಸ ಮಾಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದರು. ಅಲ್ಲಿ ಮಂತ್ರ ಮಾಟಗಳ ವಿಶೇಷ ಚಿಕಿತ್ಸೆಯೇನೂ ಇರಲಿಲ್ಲ. ಬೆಳಗ್ಗೆ ಸಣ್ಣ ಪೂಜೆ, ಹಗಲೆಲ್ಲ ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಜೊತೆಗೆ ಮನೆಯವರೊಬ್ಬರು. ಸರಾಸರಿ ಆರು ವಾರಗಳ ವಾಸದಲ್ಲಿ ಲಕ್ಷಣಗಳ ಅಳತೆ ಸುಮಾರು 20 ಪ್ರತಿಶತ ಇಳಿಯಿತು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಆದ್ದರಿಂದ ಇದನ್ನು ಗುಡಿಯ ಗೆಲುವು ಎಂದು ಡಂಗುರ ಹೊಡೆಯಲಾಗದು. ಆ ಅಧ್ಯಯನ ಪ್ರಕಟವಾಗುವ ಹಿಂದಿನ ವರ್ಷ, 2001ರ ಆಗಸ್ಟ್ 6ರ ಬೆಳಗಿನ ಜಾವ, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಆಸುಪಾಸಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಚಪ್ಪರದ ಮನೆಗೆ ಬೆಂಕಿ ಬಿದ್ದು 28 ಮಂದಿ ಸತ್ತರು. ಕಾಲಿಗೆ ಸರಪಳಿ ಇತ್ತು, ಓಡಲಾಗಲಿಲ್ಲ. ಪವಿತ್ರ ಸ್ಥಳದ ನೆರಳೊಂದೇ ಯಾರನ್ನೂ ಕಾಯುವುದಿಲ್ಲ. ಈಗ ಸರಪಳಿ ಹಾಕುವುದು 2017ರ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಗುಳಿಗಿನೂ ಬೇಕು, ದೇವರೂ ಬೇಕು ಎಂಬುದು ನಮ್ಮ ಮಂದಿಯ ಲೆಕ್ಕ. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕೋಟದಲ್ಲಿ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಮಾಡಿದ, 1976ರಲ್ಲಿ ಅಚ್ಚಾದ ಅಧ್ಯಯನ ಕೂಡ ಮಂದಿ ಮಂತ್ರವಾದಿಯ ಹತ್ತಿರವೂ ಡಾಕ್ಟರ ಹತ್ತಿರವೂ ಹೋಗುವುದನ್ನು ದಾಖಲಿಸಿತ್ತು. ಗಾಣಗಾಪುರದ ಛತ್ರದ ಪಕ್ಕದಲ್ಲಿ ವಾರಕ್ಕೊಮ್ಮೆ ಮನೋವೈದ್ಯರು ಕೂತರೆ ಯಾವ ದೇವರೂ ಸಿಟ್ಟಾಗಲಾರ.

ಮನೆಯವರು ಜೊತೆಗಿದ್ದರೆ ಎಲ್ಲ ಸಲೀಸು ಎಂದಾಯಿತು. ಯಾರೂ ಇಲ್ಲದವರ ಗತಿ? ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಅದರ ಪ್ರಕಾರ ಆಸ್ತಿ ತೆರಿಗೆಯ ಮೇಲೆ 3 ಪ್ರತಿಶತ ಭಿಕ್ಷುಕರ ಕರ ಕಟ್ಟುತ್ತೇವೆ. ನಿಮ್ಮ ಮನೆಯ ತೆರಿಗೆ ರಸೀದಿಯಲ್ಲಿ ಒಂದು ಸಾಲಾಗಿ ಅದು ಇರುತ್ತದೆ. ಆ ಹಣದಿಂದ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಸಾಲು ಸಾಲಾಗಿ ಸಾವುಗಳಾದಾಗ ನಾಡಿಗೆ ಅಂಥ ಜಾಗವಿದೆ ಎಂದು ಗೊತ್ತಾಯಿತು. ಸತ್ತ ಮೇಲೆ ಎಣಿಸಿದೆವು. ಬದುಕಿರುವಾಗ ಅವರು ದಿನ ಹೇಗೆ ಕಳೆಯುತ್ತಿದ್ದರು ಎಂದು ಕೇಳುವ ಒಂದು ಅಧ್ಯಯನವೂ ಆಗ ಯಾರ ಕೈಯಲ್ಲೂ ಇರಲಿಲ್ಲ.

ಸಿಬ್ಬಂದಿಯ ಮಾತೂ ಒಂದಿಷ್ಟು. ತಪ್ಪೆಲ್ಲ ಅವರ ತಲೆಗೆ ಕಟ್ಟುವುದು ಸುಲಭ. ಜ್ಯಾಕ್ ಟಿಝಾರ್ಡ್ ಮತ್ತು ಅವರ ಜೊತೆಗಾರರು ಇಂಗ್ಲೆಂಡಿನ ಬೇರೆ ಬೇರೆ ಮಕ್ಕಳ ಸಂಸ್ಥೆಗಳನ್ನು ಹೋಲಿಸಿ 1971ರಲ್ಲಿ ಬರೆದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಟ್ಟಿಗೆ ಎಬ್ಬಿಸಿ ಒಟ್ಟಿಗೆ ಮೀಯಿಸುವ ಪದ್ಧತಿಗೂ, ಒಂದೊಂದು ಮಗುವಿಗೆ ಹೊಂದಿಕೊಂಡು ನಡೆಯುವ ಪದ್ಧತಿಗೂ ವ್ಯತ್ಯಾಸ ಹುಟ್ಟುವುದು ಎಲ್ಲಿ ಎಂದು ಅವರು ಹುಡುಕಿದರು. ಕಟ್ಟಡದ ಗಾತ್ರದಲ್ಲಿ ಸಿಗಲಿಲ್ಲ, ಸಿಬ್ಬಂದಿಯ ಸಂಖ್ಯೆಯಲ್ಲೂ ಸಿಗಲಿಲ್ಲ. ಮನೆಯ ಮುಖ್ಯಸ್ಥರಿಗೆ ಮಕ್ಕಳ ಆರೈಕೆಯ ತರಬೇತಿ ಇದೆಯೇ, ಊಟಕ್ಕೆ ಏನು, ಎಷ್ಟು ಹೊತ್ತಿಗೆ, ಭಾನುವಾರ ಎಲ್ಲಿಗೆ ಎಂದು ಸ್ವತಃ ತೀರ್ಮಾನಿಸುವ ಅಧಿಕಾರ ಇದೆಯೇ ಎಂಬಲ್ಲಿ ಸಿಕ್ಕಿತು. ಹೊರಗುತ್ತಿಗೆಯ ಅಮ್ಮನಿಗೆ ತಿಂಗಳ ಸಂಬಳವೇ ಸರಿಯಾಗಿ ಬಾರದೆ, ಹುಡುಗರಿಗೊಂದು ಚೆಂಡು ತರಲೂ ಮೇಲಿನ ಮಂಜೂರಾತಿ ಬೇಕು ಎಂದಿರುವಲ್ಲಿ ಮಮತೆಯನ್ನು ಸುತ್ತೋಲೆ ಹೊರಡಿಸಿ ತರಿಸಲಾಗುವುದಿಲ್ಲ.

ಕಮಲಾಪುರದಿಂದ ಬಸ್ಸು ಹಿಡಿದು ಬಂದಿರುವ ಶಿಕ್ಷಕ ಮಿತ್ರರು ಕಾಯುತ್ತಿದ್ದೀರಿ. ಕಲಬುರಗಿಯಿಂದ ಬೇರೆಯಾಗಿ ಈಚೆಗೆ ತಾಲ್ಲೂಕಾದ ಊರು ನಿಮ್ಮದು. ಕೆಂಪು ಬಾಳೆಯ ಹೆಸರು ದೇಶಕ್ಕೆಲ್ಲ ಗೊತ್ತು, ಸುತ್ತಲಿನ ತಾಂಡಾಗಳಿಂದ ಮುಂಬೈ ಪುಣೆಗೆ ಗುಳೆ ಹೋಗುವವರ ಹೆಸರು ಯಾರಿಗೂ ಗೊತ್ತಿಲ್ಲ. ಅವರು ಬಿಟ್ಟುಹೋದ ಮಕ್ಕಳು ಅಜ್ಜಿಯ ಬಳಿ, ಇಲ್ಲವೇ ಯಾವುದೋ ವಸತಿನಿಲಯದಲ್ಲಿ. ಅನಾಥಾಲಯಗಳಲ್ಲಿರುವ ಬಹುತೇಕ ಮಕ್ಕಳಿಗೆ ಹೆತ್ತವರಲ್ಲಿ ಒಬ್ಬರಾದರೂ ಇರುತ್ತಾರೆ ಎಂಬುದು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಆಗಿರಬೇಕು ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಮಿಷನ್ ವಾತ್ಸಲ್ಯದಡಿ ಮನೆಯಲ್ಲೇ ಬೆಳೆಯುವ ಅರ್ಹ ಮಗುವಿಗೆ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವ ಇದೆ. ನಿಮ್ಮ ತರಗತಿಯಲ್ಲಿ ದೀಪಾವಳಿಯ ಮೇಲೆ ಖಾಲಿಯಾಗುವ ಬೆಂಚುಗಳ ಪಟ್ಟಿ ನಿಮ್ಮ ಬಳಿಯೇ ಇರುತ್ತದೆ. ಯಾವ ಮಗು ಎಲ್ಲಿಗೆ ಹೋಯಿತು, ಹಣ ಸಿಕ್ಕಿದ್ದರೆ ಅಜ್ಜಿಯ ಬಳಿ ಉಳಿಯುತ್ತಿತ್ತೇ ಎಂದು ಮೂರು ವರ್ಷ ಬಿಡದೆ ಬರೆದಿಟ್ಟರೆ ಅದು ಯಾವ ಪಿಎಚ್‌ಡಿಗೂ ಕಡಿಮೆಯಲ್ಲ.

ಪಿಎಚ್‌ಡಿ ಎಂದೆ. ಈ ಊರಲ್ಲಿ 1980ರಿಂದ ಗುಲ್ಬರ್ಗ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಇಲ್ಲೇ ರೋಜಾದ ಮಗ್ಗುಲಲ್ಲಿ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯವಿದೆ. ನಮ್ಮಲ್ಲಿ ತಯಾರಾಗುವ ಎಷ್ಟೋ ಪ್ರಬಂಧಗಳ ಅಚ್ಚು ಒಂದೇ: ಉತ್ತರದಾತರ ವಯಸ್ಸು, ಧರ್ಮ, ಆದಾಯ, 'ಇಲ್ಲಿಯ ಸೌಲಭ್ಯ ತೃಪ್ತಿಕರವೇ? ಹೌದು / ಇಲ್ಲ'. ಪಕ್ಕದಲ್ಲಿ ವಾರ್ಡನ್ ನಿಂತಿರುವಾಗ ಯಾವ ಹುಡುಗಿ 'ಇಲ್ಲ' ಎಂದಾಳು? ಅದರ ಬದಲು ವಿದ್ಯಾರ್ಥಿಯೊಬ್ಬ ಒಂದು ಸಂಸ್ಥೆಯಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಕೂತು, ಕಾಲು ಗಂಟೆಗೊಮ್ಮೆ ಯಾರು ಏನು ಮಾಡುತ್ತಿದ್ದಾರೆ, ಯಾರ ಜೊತೆ ಮಾತಾಡುತ್ತಿದ್ದಾರೆ ಎಂದಷ್ಟೇ ಗುರುತು ಹಾಕಿಕೊಳ್ಳಲಿ. ಸ್ವಂತ ಟ್ರಂಕು ಇದೆಯೇ, ಅದಕ್ಕೆ ಬೀಗವಿದೆಯೇ, ಕೀಲಿ ಯಾರ ಬಳಿ ಇದೆ ಎಂದು ನೋಡಲಿ. ಲಂಬಾಣಿ, ದಖನಿ, ತೆಲುಗು ಮಾತಾಡುವ ಮಗುವಿಗೆ ಅದೇ ಮಾತಿನಲ್ಲಿ ಉತ್ತರ ಕೊಡುವವರು ಒಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳಲಿ. ಹದಿನೆಂಟು ತುಂಬಿ ಹೊರಬಿದ್ದವರು ಈಗ ಎಲ್ಲಿದ್ದಾರೆ ಎಂದು ಹುಡುಕಲಿ. 21ರವರೆಗೂ ಅನುಪಾಲನೆ ಕೊಡಬಹುದು ಎಂದು ಬಾಲನ್ಯಾಯ ಕಾಯ್ದೆ ಹೇಳುತ್ತದೆ, ಎಷ್ಟು ಜನಕ್ಕೆ ಮುಟ್ಟಿದೆ ಎಂಬುದು ಆಗ ತಿಳಿಯುತ್ತದೆ.

ಒಂದು ಎಚ್ಚರಿಕೆ ಹೇಳದೆ ಹೋದರೆ ತಪ್ಪಾದೀತು. ಒಳಗಿರುವವರು ಎದ್ದು ಹೋಗಲಾರರು, ಆದ್ದರಿಂದಲೇ ಸಂಶೋಧಕರಿಗೆ ಅವರು ಅಗ್ಗವಾಗಿ ಸಿಗುತ್ತಾರೆ. ನ್ಯೂಯಾರ್ಕಿನ ವಿಲೋಬ್ರೂಕ್ ಎಂಬ ಸಂಸ್ಥೆಯಲ್ಲಿ ಬುದ್ಧಿಮಾಂದ್ಯ ಮಕ್ಕಳಿಗೆ 1950, 60ರ ದಶಕಗಳಲ್ಲಿ ಬೇಕೆಂದೇ ಹೆಪಟೈಟಿಸ್ ಸೋಂಕು ಕೊಟ್ಟು ಅಭ್ಯಾಸ ಮಾಡಿದರು. ಹೇಗೂ ಇಲ್ಲಿ ಎಲ್ಲರಿಗೂ ಆ ಕಾಯಿಲೆ ಬಂದೇ ಬರುತ್ತದೆ ಎಂಬುದು ವೈದ್ಯರ ಸಮರ್ಥನೆ. ಯಾಕೆ ಬರುತ್ತದೆ, ಮೊದಲು ಅದನ್ನು ನಿಲ್ಲಿಸಬಾರದೇ ಎಂಬ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. 4000 ಜನರಿಗೆ ಕಟ್ಟಿದ ಜಾಗದಲ್ಲಿ 6000 ಮಂದಿಯನ್ನು ತುಂಬಿದ್ದರು. ನಮ್ಮ 2017ರ ಕಾಯ್ದೆ ಸಂಶೋಧನೆಗೆ ರೋಗಿಯ ಸ್ವತಂತ್ರ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎಂದು ಕೇಳುತ್ತೇನೆ. ಬರೆದದ್ದನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ಮೊದಲು ಅದೇ ಸಂಸ್ಥೆಯ ಅಂಗಳದಲ್ಲಿ ಕೂತು, ಅಲ್ಲಿರುವವರಿಗೆ ಅವರ ಮಾತಿನಲ್ಲೇ ಗಟ್ಟಿಯಾಗಿ ಓದಿ ಹೇಳಬೇಕು. ಸಿಬ್ಬಂದಿಗೂ ಓದಿ ಹೇಳಬೇಕು. 'ಇದು ಸುಳ್ಳು' ಎಂದು ಅವರಲ್ಲಿ ಯಾರಾದರೂ ಅಂದರೆ ಆ ಮಾತನ್ನೂ ಪ್ರಬಂಧದೊಳಗೇ ಅಚ್ಚು ಹಾಕಬೇಕು.

ಬರೆದು ತಂದದ್ದು ಮುಗಿಯಿತು. ಅಧ್ಯಕ್ಷರು ಅಪ್ಪಣೆ ಕೊಟ್ಟರೆ ಈಗ ಪ್ರಶ್ನೆಗಳಿಗೆ ಕೂರುತ್ತೇನೆ. ವಸತಿನಿಲಯಗಳಲ್ಲಿ, ಬಾಲಮಂದಿರಗಳಲ್ಲಿ ಕೆಲಸ ಮಾಡುವವರು ಹಿಂದಿನ ಸಾಲುಗಳಲ್ಲಿ ಕೂತಿದ್ದೀರಿ. ಸಂಜೆಯ ಪಾಳಿಗೆ ಹೊರಡಬೇಕಾದವರು ಮೊದಲು ಕೇಳಿರಿ.